ಸೇತುವೆಯ ಕೆಳಗೆ ಯಾರಿದ್ದರು?

ಡೆನ್ವರ್ ನಗರದ ಒಬ್ಬ ವಕೀಲ ಕೊರಿಯಾದ ಹೊಲವೊಂದರ ಅಂಚಿನಲ್ಲಿ, ಕೆಸರು ತುಂಬಿದ ತೋಡಿನಲ್ಲಿ ಅವಿತು ಕುಳಿತಿದ್ದಾನೆ. ಅವನ ವಿಮಾನ ಸ್ವಲ್ಪ ದೂರದಲ್ಲಿ ನುಚ್ಚುನೂರಾಗಿ ಬಿದ್ದಿದೆ. ಕೈಯಲ್ಲಿ ಬಂದೂಕಿದೆ, ಆದರೆ ನೆಲದ ಮೇಲಿನ ಕಾಳಗ ಅವನಿಗೆ ಒಗ್ಗಿದ್ದಲ್ಲ. ಅವನ ಜೊತೆಗಿರುವುದು ಅವನನ್ನು ಕಾಪಾಡಲು ಬಂದು ತಾನೇ ಸಿಕ್ಕಿಹಾಕಿಕೊಂಡ ಹೆಲಿಕಾಪ್ಟರ್ ಚಾಲಕ. ತಾನೊಬ್ಬ ವಕೀಲ, ಈ ತೋಡಿಗೆ ಹೇಗೆ ಬಂದೆ ಎಂದು ವಕೀಲ ಅಚ್ಚರಿಪಡುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಸಾಯುತ್ತಾರೆ. ಕೊನೆಯ ಗಳಿಗೆಯಲ್ಲಿ ನೌಕೆಯ ವಿಮಾನಗಳು ಬಂದು ನಾಯಕನನ್ನು ಬದುಕಿಸುವುದಿಲ್ಲ.

ಇದು 'ದಿ ಬ್ರಿಡ್ಜಸ್ ಎಟ್ ಟೋಕೊ-ರಿ' ಚಿತ್ರದ ಮುಕ್ತಾಯ. ಕೊರಿಯಾ ಯುದ್ಧದ ಬಗ್ಗೆ ಜೇಮ್ಸ್ ಮಿಚೆನರ್ ಬರೆದ ಕಿರುಕಾದಂಬರಿ 1953ರಲ್ಲಿ ಪ್ರಕಟವಾಯಿತು. ಮಾರ್ಕ್ ರಾಬ್ಸನ್ ನಿರ್ದೇಶನದಲ್ಲಿ ಪ್ಯಾರಾಮೌಂಟ್ ಸಂಸ್ಥೆ ಅದನ್ನು 1954ರಲ್ಲಿ ಚಿತ್ರವಾಗಿಸಿತು. ವಿಲಿಯಂ ಹೋಲ್ಡನ್, ಗ್ರೇಸ್ ಕೆಲ್ಲಿ, ಫ್ರೆಡ್ರಿಕ್ ಮಾರ್ಚ್, ಮಿಕ್ಕಿ ರೂನಿ ಮುಖ್ಯ ಪಾತ್ರಗಳಲ್ಲಿದ್ದಾರೆ. ಅಮೆರಿಕದ ನೌಕಾಪಡೆ ತನ್ನ ನಿಜವಾದ ವಿಮಾನವಾಹಕ ನೌಕೆಗಳನ್ನೂ ಪ್ಯಾಂಥರ್ ಜೆಟ್‌ಗಳನ್ನೂ ಚಿತ್ರೀಕರಣಕ್ಕೆ ಒದಗಿಸಿತ್ತು. ಬಾಂಬ್ ದಾಳಿಯ ದೃಶ್ಯಗಳಿಗಾಗಿ ಸ್ಟುಡಿಯೋದವರು ಪುಟ್ಟ ಮಾದರಿ ಸೇತುವೆಗಳನ್ನು ಕಟ್ಟಿ ಕೆಡವಿದರು. ವಿಶೇಷ ಪರಿಣಾಮಗಳಿಗಾಗಿ ಚಿತ್ರಕ್ಕೆ ಆಸ್ಕರ್ ಬಂತು. ಹಾಲಿವುಡ್ಡಿನ ಶ್ರೇಷ್ಠ ಯುದ್ಧಚಿತ್ರಗಳ ಮಾತು ಬಂದಾಗ ಇಂದಿಗೂ ಇದರ ಹೆಸರು ಕೇಳಿಬರುತ್ತದೆ. ಆ ಗೌರವಕ್ಕೆ ಕಾರಣವಿದೆ. ಆದರೆ ಚಿತ್ರದೊಳಗೆ ಒಂದು ಮೌನವೂ ಇದೆ. ಇಲ್ಲಿ ಮಾತಾಡಬೇಕಾದದ್ದು ಮುಖ್ಯವಾಗಿ ಆ ಮೌನದ ಬಗ್ಗೆ.

ಕಥೆಯ ನಾಯಕ ಹ್ಯಾರಿ ಬ್ರೂಬೇಕರ್ ಯುದ್ಧಕ್ಕೆ ಹಂಬಲಿಸಿದವನಲ್ಲ. ಎರಡನೇ ಮಹಾಯುದ್ಧದಲ್ಲಿ ಕರ್ತವ್ಯ ಮುಗಿಸಿ ಊರಿಗೆ ಮರಳಿದ್ದ. ವಕೀಲಿಕೆ ಹಿಡಿದಿದ್ದ, ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ ನೆಮ್ಮದಿಯಾಗಿದ್ದ. ಮೀಸಲು ಪಡೆಯ ಪಟ್ಟಿಯಲ್ಲಿ ಹೆಸರಿತ್ತು ಎಂಬ ಒಂದೇ ಕಾರಣಕ್ಕೆ ಅವನನ್ನು ಮತ್ತೆ ಕರೆಸಲಾಗಿದೆ. ಇದು ಬರೀ ಕಲ್ಪನೆಯ ಮಾತಲ್ಲ. 1950ರ ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಸಿಡಿದಾಗ ಅಮೆರಿಕ ಇಂತಹ ಸಾವಿರಾರು ಮಂದಿಯನ್ನು ಸಂಸಾರದ ನಡುವಿನಿಂದ ಎಬ್ಬಿಸಿ ಕರೆದೊಯ್ದಿತು. ಅಮೆರಿಕದ ಸಂಸತ್ತು ಯುದ್ಧ ಘೋಷಿಸಿರಲಿಲ್ಲ. ಅಧ್ಯಕ್ಷ ಟ್ರೂಮನ್ ಅದನ್ನು ಪೊಲೀಸ್ ಕಾರ್ಯಾಚರಣೆ ಎಂದು ಕರೆಯಲು ಒಪ್ಪಿದ್ದರು. ಪಕ್ಕದ ಮನೆಯವರು ಎಂದಿನಂತೆ ಕೆಲಸಕ್ಕೆ ಹೋಗುತ್ತಿರುವಾಗ ನಾನೇ ಏಕೆ ಎರಡನೇ ಬಾರಿ ಸಾಯಲು ಹೋಗಬೇಕು? ಬ್ರೂಬೇಕರ್‌ನ ಈ ಪ್ರಶ್ನೆ ನ್ಯಾಯವಾದದ್ದು. ಚಿತ್ರ ಅದನ್ನು ಮುಚ್ಚಿಡದೆ ಕೇಳಿಸುತ್ತದೆ.

ಇನ್ನೂ ಹೆಚ್ಚಿನದನ್ನೂ ಚಿತ್ರ ಪ್ರಾಮಾಣಿಕವಾಗಿ ತೋರಿಸುತ್ತದೆ. ಟೋಕೊ-ರಿಯ ಸೇತುವೆಗಳು ಬೆಟ್ಟಗಳ ನಡುವಿನ ಕಣಿವೆಯಲ್ಲಿವೆ. ಸುತ್ತಲೂ ವಿಮಾನವಿರೋಧಿ ತೋಪುಗಳಿವೆ. ದಾಳಿಗೆ ಮೊದಲು ದಳದ ಮುಖ್ಯಸ್ಥ ಆ ಕಣಿವೆಯ ಮೇಲೆ ಹಾರಿ ಕ್ಯಾಮೆರಾದಲ್ಲಿ ಸೆರೆಹಿಡಿದು ತರುತ್ತಾನೆ. ನೌಕೆಯ ಕೊಠಡಿಯಲ್ಲಿ ಪೈಲಟ್‌ಗಳೆಲ್ಲ ಕುಳಿತು ಆ ರೀಲನ್ನು ನೋಡುತ್ತಾರೆ. ಕತ್ತಲಲ್ಲಿ ಬ್ರೂಬೇಕರ್‌ನ ಮುಖ ಕಾಣುತ್ತದೆ. ಭಯ ಅವನೊಳಗೆ ಇಳಿಯುವುದು ನಮಗೆ ಗೊತ್ತಾಗುತ್ತದೆ. ದಾಳಿಯ ಹಿಂದಿನ ರಾತ್ರಿ ಹೆಂಡತಿಗೆ ಕಾಗದ ಬರೆಯಲು ಕೂರುತ್ತಾನೆ, ಬರೆಯಲಾಗುವುದಿಲ್ಲ. ಆ ಕಾಲದ ಹಾಲಿವುಡ್ ತನ್ನ ನಾಯಕನಿಗೆ ಇಷ್ಟು ಭಯಪಡುವ ಅವಕಾಶವನ್ನು ಸುಲಭವಾಗಿ ಕೊಡುತ್ತಿರಲಿಲ್ಲ. ಹೋಲ್ಡನ್ ಈ ಪಾತ್ರವನ್ನು ಯಾವ ಅಬ್ಬರವೂ ಇಲ್ಲದೆ ನಿಭಾಯಿಸಿದ್ದಾರೆ. ಅವರ ಸ್ವಂತ ತಮ್ಮ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಪೈಲಟ್ ಆಗಿದ್ದು ಸತ್ತಿದ್ದರು.

ಹಾಗಾದರೆ ಬ್ರೂಬೇಕರ್‌ನ ಪ್ರಶ್ನೆಗೆ ಉತ್ತರ ಕೊಡುವವರು ಯಾರು? ಅಡ್ಮಿರಲ್ ಟ್ಯಾರಂಟ್. ಫ್ರೆಡ್ರಿಕ್ ಮಾರ್ಚ್ ಅಭಿನಯದ ಈ ಹಿರಿಯ, ಹಿಂದಿನ ಯುದ್ಧದಲ್ಲಿ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡವರು. ಬ್ರೂಬೇಕರ್‌ನಲ್ಲಿ ಅವರು ಮಗನನ್ನು ಕಾಣುತ್ತಾರೆ. ಅವನ ಅಸಮಾಧಾನವನ್ನು ತಾಳ್ಮೆಯಿಂದ ಕೇಳುತ್ತಾರೆ, ಗದರಿಸುವುದಿಲ್ಲ. ಇದು ತಪ್ಪು ಜಾಗದಲ್ಲಿ ನಡೆಯುತ್ತಿರುವ ತಪ್ಪು ಯುದ್ಧ ಎಂಬ ಮಾತನ್ನೂ ಅವರು ಅಲ್ಲಗಳೆಯುವುದಿಲ್ಲ. ಚರಿತ್ರೆಯುದ್ದಕ್ಕೂ ಮನುಷ್ಯರು ಅಂತಹ ಯುದ್ಧಗಳನ್ನೇ ಮಾಡಬೇಕಾಗಿ ಬಂದಿದೆ, ಪಾಲಿಗೆ ಬಂದದ್ದನ್ನು ಮಾಡಿ ಮುಗಿಸಬೇಕು ಎನ್ನುವುದು ಅವರ ಮಾತಿನ ಸಾರ.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಅಡ್ಮಿರಲ್ ಯುದ್ಧ ಸರಿ ಎಂದು ವಾದಿಸಿದ್ದರೆ ಪ್ರೇಕ್ಷಕ ಎದುರು ವಾದ ಹೂಡಬಹುದಿತ್ತು. ಅವರು ಯುದ್ಧ ಮೂರ್ಖತನವೆಂದು ಒಪ್ಪಿಕೊಂಡೇ ಅದನ್ನು ಮುಂದುವರಿಸಲು ಹೇಳುತ್ತಾರೆ. ಒಪ್ಪಿಕೊಂಡವರೊಂದಿಗೆ ವಾದ ಮಾಡುವುದು ಹೇಗೆ? ಚಿತ್ರದ ನಿಜವಾದ ಶಕ್ತಿ ಇರುವುದು ಇಲ್ಲಿ, ಅಪಾಯ ಇರುವುದೂ ಇಲ್ಲಿಯೇ. ಒಲ್ಲದ ಮನಸ್ಸಿನಿಂದ ಬಾಂಬ್ ಹಾಕುವವನ ಮೇಲೆ ನಮಗೆ ಸಿಟ್ಟು ಬರುವುದಿಲ್ಲ. ಅವನ ಹಿಂಜರಿಕೆ ಅವನ ಒಳ್ಳೆಯತನಕ್ಕೆ ಸಾಕ್ಷಿಯಾಗುತ್ತದೆ. ಆ ಒಳ್ಳೆಯತನ, ಅವನು ಮಾಡುವ ಕೆಲಸಕ್ಕೂ ಮೆಲ್ಲಗೆ ಅಂಟಿಕೊಳ್ಳುತ್ತದೆ. ಉತ್ಸಾಹದಿಂದ ಹೋದವನು ಹಾಕಿದ ಬಾಂಬೂ, ಮನಸ್ಸಿಲ್ಲದೆ ಹೋದವನು ಹಾಕಿದ ಬಾಂಬೂ ಕೆಳಗಿದ್ದವರ ಪಾಲಿಗೆ ಒಂದೇ. ಚಿತ್ರ ಈ ಸರಳ ಸತ್ಯದ ಹತ್ತಿರ ಸುಳಿಯುವುದಿಲ್ಲ.

ಬ್ರೂಬೇಕರ್‌ನ ಹೆಂಡತಿ ನ್ಯಾನ್ಸಿಯ ಪಾತ್ರವನ್ನು ನೋಡಿ. ರಜೆಯಲ್ಲಿ ಬರುವ ಗಂಡನನ್ನು ನೋಡಲು ಅವಳು ಮಕ್ಕಳೊಂದಿಗೆ ಜಪಾನಿಗೆ ಬಂದಿದ್ದಾಳೆ. ಕಥೆಯ ಮುಖ್ಯ ಪಾತ್ರಗಳಲ್ಲಿ ಸಮವಸ್ತ್ರ ತೊಡದವಳು ಅವಳೊಬ್ಬಳೇ. ಈ ಯುದ್ಧ ಯಾಕೆ ಎಂದು ಕೇಳುವ ಹಕ್ಕು ಅವಳಿಗೆ ಎಲ್ಲರಿಗಿಂತ ಹೆಚ್ಚಾಗಿತ್ತು. ಆದರೆ ಅಡ್ಮಿರಲ್ ಅವಳಿಗೆ ಮಕ್ಕಳ ಸಾವಿನಿಂದ ಮನಸ್ಸು ಕುಸಿದ ತನ್ನ ಹೆಂಡತಿಯ ಕಥೆ ಹೇಳುತ್ತಾರೆ. ವಾಸ್ತವವನ್ನು ಎದುರಿಸಲು ಈಗಲೇ ಸಿದ್ಧಳಾಗು ಎನ್ನುವುದು ಅದರ ತಾತ್ಪರ್ಯ. ಅವರ ಮಾತಿನಲ್ಲಿ ಮರುಕವಿದೆ, ಸಂಶಯವಿಲ್ಲ. ಆದರೆ ಒಬ್ಬ ಹೆಣ್ಣಿನ ಶೋಕವನ್ನು ಇನ್ನೊಬ್ಬ ಹೆಣ್ಣಿನ ಪ್ರಶ್ನೆಗೆ ಬೀಗವಾಗಿ ಬಳಸಲಾಗಿದೆ. ಸೇತುವೆಗಳ ಬಗ್ಗೆ ಗಂಡನ ಬಾಯಿಂದಲೇ ಕೇಳಿ ತಿಳಿದು, ಧೈರ್ಯ ತಂದುಕೊಳ್ಳುವುದಷ್ಟೇ ಅವಳ ಪಾಲಿನ ಕೆಲಸ.

ಜಪಾನಿನ ಆ ರಜೆಯಲ್ಲೇ ಚಿತ್ರದ ಅತ್ಯಂತ ಹಗುರವಾದ ದೃಶ್ಯ ಬರುತ್ತದೆ. ಬ್ರೂಬೇಕರ್ ಕುಟುಂಬ ಹೋಟೆಲಿನ ಸ್ನಾನದ ಕೊಳದಲ್ಲಿ ಇರುವಾಗ ಒಂದು ಜಪಾನಿ ಕುಟುಂಬವೂ ಅಲ್ಲಿಗೆ ಬರುತ್ತದೆ. ಮೊದಲು ಸಂಕೋಚ, ಆಮೇಲೆ ನಗು, ಪರಸ್ಪರ ಪರಿಚಯ. ಹಾಗೆಯೇ ಹೆಲಿಕಾಪ್ಟರ್ ಚಾಲಕ ಫಾರ್ನಿ ಒಬ್ಬ ಜಪಾನಿ ಹುಡುಗಿಯನ್ನು ಪ್ರೀತಿಸಿ, ಅವಳು ಬೇರೆಯವನ ಜೊತೆ ಹೋದದ್ದಕ್ಕೆ ಬೀದಿಯಲ್ಲಿ ಜಗಳವಾಡಿ ಜೈಲು ಸೇರುತ್ತಾನೆ. ನೆನಪಿರಲಿ, ಇದೇ ಜಪಾನಿನ ಎರಡು ನಗರಗಳ ಮೇಲೆ ಅಮೆರಿಕ ಅಣುಬಾಂಬ್ ಹಾಕಿದ್ದು 1945ರಲ್ಲಿ. ಹತ್ತು ವರ್ಷ ತುಂಬುವ ಮೊದಲೇ ನಿನ್ನೆಯ ವೈರಿಗೆ ಮುಖ ಬಂದಿದೆ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಅವನೂ ನಾಚುತ್ತಾನೆ, ನಗುತ್ತಾನೆ. ಇದು ಚಿತ್ರದ ಔದಾರ್ಯ ನಿಜ. ಆದರೆ ಇದೇ ಔದಾರ್ಯ ಸಮುದ್ರದ ಆಚೆ ದಡಕ್ಕೆ ದಾಟುವುದಿಲ್ಲ. ಕೊರಿಯಾದ ಜನರ ಹೆಸರಿನಲ್ಲಿ ನಡೆದ ಯುದ್ಧದ ಈ ಚಿತ್ರದಲ್ಲಿ ಹೆಸರಿರುವ, ಮನೆಯಿರುವ, ಬದುಕಿರುವ ಒಬ್ಬ ಕೊರಿಯನ್ ಇಲ್ಲ. ಕೊನೆಯಲ್ಲಿ ತೋಡಿನ ಕಡೆಗೆ ನುಗ್ಗಿ ಬರುವ ಸೈನಿಕರು ಗುಂಡು ಹಾರಿಸುವ ನೆರಳುಗಳಷ್ಟೇ.

ಕೆಳಗೆ ಏನಿತ್ತು ಎಂಬುದನ್ನು ಚಿತ್ರ ಹೇಳದಿದ್ದರೂ ಚರಿತ್ರೆ ಹೇಳುತ್ತದೆ. 1953ರ ಜುಲೈ 27ರ ಕದನ ವಿರಾಮದವರೆಗೆ ಅಮೆರಿಕ ಕೊರಿಯಾದ ಮೇಲೆ ಸುರಿದದ್ದು ಸುಮಾರು 6,35,000 ಟನ್ ಬಾಂಬ್. ಎರಡನೇ ಮಹಾಯುದ್ಧದಲ್ಲಿ ಇಡೀ ಪೆಸಿಫಿಕ್ ರಂಗದಲ್ಲಿ ಹಾಕಿದ್ದು 5,03,000 ಟನ್. ಅದಲ್ಲದೆ 32 ಸಾವಿರ ಟನ್ನಿಗೂ ಹೆಚ್ಚು ನೇಪಾಮ್, ಅಂದರೆ ಅಂಟಿಕೊಂಡು ಉರಿಯುವ ಬೆಂಕಿ. ಉತ್ತರದ ನಗರಗಳಲ್ಲಿ ನಿಂತ ಗೋಡೆಗಳು ಕಡಿಮೆ. 1953ರ ಮೇ ತಿಂಗಳಲ್ಲಿ ನೀರಾವರಿಯ ಅಣೆಕಟ್ಟುಗಳ ಮೇಲೂ ಬಾಂಬ್ ಬಿತ್ತು. ಬತ್ತದ ನಾಟಿಯ ಕಾಲದಲ್ಲಿ ಅಣೆಕಟ್ಟು ಒಡೆಯುವುದೆಂದರೆ ಏನು ಎಂದು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಸೇತುವೆಗಳ ವಿಷಯಕ್ಕೇ ಬರೋಣ. ರಣರಂಗಕ್ಕೆ ಮದ್ದುಗುಂಡು ಸಾಗುವ ರೈಲು ಸೇತುವೆ ಸೈನಿಕ ಗುರಿಯೇ ಹೌದು, ಅದರಲ್ಲಿ ತಕರಾರಿಲ್ಲ. ಆದರೆ ಚಿತ್ರದಲ್ಲಿ ಸೇತುವೆಗಳು ಕುಸಿದ ಕೂಡಲೇ ಕೆಲಸ ಮುಗಿದಂತೆ ತೋರುತ್ತದೆ. ನಿಜವಾದ ಯುದ್ಧದಲ್ಲಿ ಹಾಗಾಗಲಿಲ್ಲ. ರೈಲು ದಾರಿಗಳನ್ನು ಕತ್ತರಿಸುವ ಕಾರ್ಯಾಚರಣೆ 1951ರಿಂದ ತಿಂಗಳುಗಟ್ಟಲೆ ನಡೆಯಿತು. ಹಗಲು ಕೆಡವಿದ್ದನ್ನು ಕೂಲಿ ದಂಡುಗಳು ರಾತ್ರಿ ಮರದ ದಿಮ್ಮಿ, ಮಣ್ಣಿನ ಚೀಲ ಹೊತ್ತು ತಂದು ಮತ್ತೆ ಕಟ್ಟುತ್ತಿದ್ದವು. ಸರಬರಾಜು ನಿಲ್ಲಲಿಲ್ಲ. ಅಂದರೆ ಸೇತುವೆಯಲ್ಲಿ ಇದ್ದದ್ದು ಬರೀ ಕಬ್ಬಿಣ, ಕಾಂಕ್ರೀಟು ಅಲ್ಲ. ಕತ್ತಲಲ್ಲಿ ಕಲ್ಲು ಹೊರುವ ಕೈಗಳೂ ಇದ್ದವು. ಬ್ರೂಬೇಕರ್ ಒಲ್ಲದೆ ಬಂದವನಾದರೆ ಆ ಕೈಗಳಲ್ಲಿ ಎಷ್ಟು ಕೈಗಳು ಒಲ್ಲದೆ ಬಂದಿದ್ದವೋ!

ಇನ್ನೊಂದು ಸೇತುವೆಯ ಕಥೆ ಹೊರಬರಲು ಅರ್ಧ ಶತಮಾನ ಬೇಕಾಯಿತು. 1950ರ ಜುಲೈ ಕೊನೆಯಲ್ಲಿ ದಕ್ಷಿಣ ಕೊರಿಯಾದ ನೊ ಗುನ್ ರಿ ಎಂಬ ಹಳ್ಳಿಯ ಬಳಿ ಊರು ಬಿಟ್ಟು ಹೊರಟಿದ್ದ ನಿರಾಶ್ರಿತರ ಮೇಲೆ ಅಮೆರಿಕದ ವಿಮಾನಗಳು ದಾಳಿ ಮಾಡಿದವು. ಬದುಕುಳಿದವರು ರೈಲು ಸೇತುವೆಯ ಕಮಾನುಗಳ ಕೆಳಗೆ ಆಶ್ರಯ ಪಡೆದರು. ಅಲ್ಲಿ ಅವರ ಮೇಲೆ ಸೈನಿಕರು ಗುಂಡು ಹಾರಿಸಿದರು. ಸತ್ತವರಲ್ಲಿ ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. 1999ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ವರದಿಗಾರರು ಇದನ್ನು ಬಯಲಿಗೆಳೆದರು. 2001ರಲ್ಲಿ ಅಧ್ಯಕ್ಷ ಕ್ಲಿಂಟನ್ ವಿಷಾದ ವ್ಯಕ್ತಪಡಿಸಿದರು. 2005ರಲ್ಲಿ ದಕ್ಷಿಣ ಕೊರಿಯಾ ಸರಕಾರ ಸತ್ತವರು, ಕಾಣೆಯಾದವರೆಂದು 163 ಜನರ ಹೆಸರುಗಳನ್ನು ದೃಢಪಡಿಸಿತು. 1954ರ ಚಿತ್ರಕ್ಕೆ ಇದು ತಿಳಿದಿರಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಮೇಲಿನಿಂದ ಮಾತ್ರ ನೋಡುವ ಕಣ್ಣಿಗೆ ಸೇತುವೆಯ ಕೆಳಗಿನವರು ಎಂದೂ ಕಾಣುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ?

ಆ ಕಣ್ಣು ಆಮೇಲೆ ಟಿವಿಗೂ ಬಂತು. 1991ರ ಜನವರಿಯಲ್ಲಿ, ಕೊಲ್ಲಿ ಯುದ್ಧದ ವೇಳೆ, ರಿಯಾದ್‌ನ ಪತ್ರಿಕಾಗೋಷ್ಠಿಯಲ್ಲಿ ಒಂದು ವಿಡಿಯೋ ತೋರಿಸಲಾಯಿತು. ಇರಾಕಿನ ಸೇತುವೆಯೊಂದರ ಮೇಲೆ ವಾಹನವೊಂದು ದಾಟುತ್ತದೆ, ಅದರ ಹಿಂದೆಯೇ ಬಾಂಬ್ ಬೀಳುತ್ತದೆ. ಇರಾಕಿನಲ್ಲೇ ಅತ್ಯಂತ ಅದೃಷ್ಟವಂತ ಇವನು ಎಂದು ಜನರಲ್ ಶ್ವಾರ್ಟ್‌ಸ್‌ಕಾಫ್ ಚಟಾಕಿ ಹಾರಿಸಿದರು, ಪತ್ರಕರ್ತರು ನಕ್ಕರು. ಟೋಕೊ-ರಿಯ ರೀಲನ್ನು ನೋಡಿ ಬ್ರೂಬೇಕರ್ ನಕ್ಕಿರಲಿಲ್ಲ, ಬೆವರಿದ್ದ. ಆ ಮಟ್ಟಿಗೆ ಹಳೆಯ ಚಿತ್ರವೇ ಹೆಚ್ಚು ಮಾನವೀಯ. ಆದರೆ ಅವನು ಬೆವರಿದ್ದೂ ತನ್ನ ಪ್ರಾಣಕ್ಕಾಗಿ.

ಈಗ ಒಂದು ಮುಖ್ಯ ಸಂಗತಿ. ಮಿಚೆನರ್ 1951-52ರ ಚಳಿಗಾಲದಲ್ಲಿ ಪತ್ರಕರ್ತರಾಗಿ ಅಮೆರಿಕದ ವಿಮಾನವಾಹಕ ನೌಕೆಗಳಲ್ಲಿ ಇದ್ದರು. ಕಾದಂಬರಿಯ ಕೊನೆಗೆ ಪ್ರೇರಣೆಯಾದದ್ದು 1952ರ ಫೆಬ್ರವರಿಯ ಒಂದು ನಿಜ ಘಟನೆ. ಒಬ್ಬ ಪೈಲಟ್ ಉತ್ತರ ಕೊರಿಯಾದ ನೆಲಕ್ಕೆ ಬಿದ್ದ, ಅವನನ್ನು ಎತ್ತಿಕೊಳ್ಳಲು ಹೋದ ಹೆಲಿಕಾಪ್ಟರೂ ಬಿತ್ತು. ಅವರೆಲ್ಲ ಸತ್ತರೆಂದೇ ನೌಕೆಯಲ್ಲಿ ಭಾವಿಸಲಾಗಿತ್ತು. ಆದರೆ ಅವರು ಸತ್ತಿರಲಿಲ್ಲ, ಸೆರೆಯಾಗಿದ್ದರು. 1953ರಲ್ಲಿ ಜೀವಂತವಾಗಿ ಮರಳಿದರು. ಕಥೆಯಲ್ಲಿ ತೋಡಿನಲ್ಲಿ ಹೆಣವಾದವರು ವಾಸ್ತವದಲ್ಲಿ ಮನೆ ಸೇರಿದರು! ಕೊರಿಯಾದ ಸೆರೆಶಿಬಿರಗಳು ಸುಖದ ತಾಣಗಳೇನೂ ಆಗಿರಲಿಲ್ಲ, ಅಲ್ಲಿ ಸತ್ತವರು ಬಹಳ. ಆದರೂ ಗುಂಡು ಹಾರಿಸಬಹುದಾಗಿದ್ದ ಯಾರೋ ಕೆಲವರು ಅಂದು ಗುಂಡು ಹಾರಿಸದೆ ಸೆರೆಹಿಡಿದರು. ಚಿತ್ರದಲ್ಲಿ ಜಾಗವೇ ಇಲ್ಲದ ಮನುಷ್ಯರು ಇವರು. ನಾಯಕನ ಸಾವು ಚಿತ್ರಕ್ಕೆ ದುರಂತದ ಗಾಂಭೀರ್ಯ ಕೊಟ್ಟಿತು. ಆ ಗಾಂಭೀರ್ಯಕ್ಕಾಗಿ ಎದುರಾಳಿಯ ಒಂದು ಸಣ್ಣ ಮನುಷ್ಯತ್ವ ಅಳಿಸಿಹೋಯಿತು.

ಕೆಳಗಿನವರಿಗೆ ಕಿವಿಗೊಡುವ ಕೆಲಸ ಆ ಹೊತ್ತಿನಲ್ಲಿ ಎಲ್ಲಿಯೂ ನಡೆದಿರಲಿಲ್ಲವೇ? ನಡೆದಿತ್ತು, ಅದರಲ್ಲಿ ನಮ್ಮ ನಾಡಿನವರೊಬ್ಬರ ಪಾತ್ರವೂ ಇತ್ತು. ಕದನ ವಿರಾಮದ ನಂತರ ತಾಯ್ನಾಡಿಗೆ ಮರಳಲು ಒಲ್ಲೆವೆಂದ ಯುದ್ಧಕೈದಿಗಳ ಪ್ರಶ್ನೆ ಬಗೆಹರಿಸಲು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಭಾರತದ ಸೈನಿಕರು ತನ್ನ ನೆಲದ ಮೇಲೆ ಕಾಲಿಡುವುದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀಗೆ ಇಷ್ಟವಿರಲಿಲ್ಲ. ಆದ್ದರಿಂದ ಅವರನ್ನು ಅಮೆರಿಕದ ನೌಕೆಯ ಮೇಲಿಂದ ಹೆಲಿಕಾಪ್ಟರ್‌ಗಳಲ್ಲಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. 22 ಸಾವಿರಕ್ಕೂ ಹೆಚ್ಚು ಕೈದಿಗಳು ಅವರ ಕಾವಲಿಗೆ ಬಂದರು. ಒಬ್ಬೊಬ್ಬನನ್ನೂ ಕೂರಿಸಿ, ನೀನು ಎಲ್ಲಿಗೆ ಹೋಗಬಯಸುವೆ ಎಂದು ತಿಳಿಯುವುದು ಆಯೋಗದ ಕೆಲಸ. ಎರಡೂ ಬಣಗಳ ಹಟದಿಂದ ಅದು ಪೂರ್ತಿ ಈಡೇರಲಿಲ್ಲ. ಎರಡೂ ಕಡೆ ಬೇಡವೆಂದ 88 ಮಂದಿ 1954ರ ಆರಂಭದಲ್ಲಿ ಭಾರತೀಯ ಪಡೆಯ ಜೊತೆ ನಮ್ಮ ದೇಶಕ್ಕೆ ಬಂದರು. ಒಲ್ಲದ ಯೋಧರು ಅಮೆರಿಕದಲ್ಲಿ ಮಾತ್ರ ಇರಲಿಲ್ಲ ಎಂಬುದಕ್ಕೆ ಆ 88 ಜನರೇ ಸಾಕ್ಷಿ. ಸುಮಾರು ಅದೇ ಚಳಿಗಾಲದಲ್ಲಿ 'ಒರಿಸ್ಕನಿ' ನೌಕೆಯಲ್ಲಿ ಟೋಕೊ-ರಿಯ ಚಿತ್ರೀಕರಣ ನಡೆಯುತ್ತಿತ್ತು.

ಆ 'ಒರಿಸ್ಕನಿ'ಯ ಮುಂದಿನ ಕಥೆಯೂ ಕೇಳುವಂಥದ್ದು. ವಿಯೆಟ್ನಾಂ ಯುದ್ಧದಲ್ಲಿ ಅದೇ ನೌಕೆಯಿಂದ ಹಾರಿದ ಜಾನ್ ಮೆಕೇನ್, 1967ರ ಅಕ್ಟೋಬರ್ 26ರಂದು ಹನೋಯ್ ನಗರದ ಕೆರೆಯೊಂದಕ್ಕೆ ಬಿದ್ದರು. ಊರಿನವರು ಅವರನ್ನು ನೀರಿನಿಂದ ಎಳೆದು ತಂದರು. ದಡದಲ್ಲಿ ಕೆರಳಿದ ಜನ ಹೊಡೆದರು, ತಿವಿದರು. ಐದು ವರ್ಷಕ್ಕೂ ಹೆಚ್ಚು ಕಾಲ ಅವರು ಸೆರೆಯಲ್ಲಿ ನರಳಿ 1973ರಲ್ಲಿ ಬಿಡುಗಡೆಯಾದರು. ಸಿಟ್ಟು, ಕರುಣೆ ಎರಡೂ ಒಂದೇ ದಡದಲ್ಲಿ! ಬಾಂಬ್ ಬೀಳುವ ಊರಿನ ಜನ ಇರುವುದು ಹೀಗೆ. ಅವರು ನೆರಳುಗಳಲ್ಲ.

ಚಿತ್ರದ ಕೊನೆಗೆ ಮರಳೋಣ. ಸೇತುವೆಗಳನ್ನು ಕೆಡವಿದ ಮೇಲೆ, ಉಳಿದ ಬಾಂಬುಗಳೊಂದಿಗೆ ದಳ ಎರಡನೆಯ ಗುರಿಯ ಮೇಲೆರಗಿದಾಗ ಬ್ರೂಬೇಕರ್‌ನ ವಿಮಾನಕ್ಕೆ ಏಟು ಬೀಳುತ್ತದೆ. ಇಷ್ಟೆಲ್ಲ ಭಯಪಟ್ಟ ಸೇತುವೆಗಳಲ್ಲಿ ಅವನು ಸಾಯುವುದಿಲ್ಲ. ಸಾವಿನ ಸುದ್ದಿ ಕೇಳಿದ ಅಡ್ಮಿರಲ್ ಮೊದಲು ದಳದ ಮುಖ್ಯಸ್ಥನ ಮೇಲೆ ರೇಗುತ್ತಾರೆ. ಆಮೇಲೆ ಕಡಲನ್ನು ನೋಡುತ್ತಾ, ಇಂತಹ ಗಂಡಸರು ನಮಗೆ ಎಲ್ಲಿಂದ ಸಿಗುತ್ತಾರೆ ಎಂದು ಕೇಳಿಕೊಳ್ಳುತ್ತಾರೆ. ಈ ಮಾತು ಎಷ್ಟು ಪ್ರಸಿದ್ಧವಾಯಿತೆಂದರೆ ಮುಂದೆ ರೊನಾಲ್ಡ್ ರೇಗನ್ ಅದನ್ನು ತಮ್ಮ ಭಾಷಣಗಳಲ್ಲಿ ಬಳಸಿದರು. ಅದನ್ನು ಕೇಳಿದಾಗ ಕಣ್ಣು ಮಂಜಾಗುವುದು ಸಹಜ. ಆದರೆ ಅದು ನಿಜವಾಗಿ ಪ್ರಶ್ನೆಯಲ್ಲ. ಅಂತಹವರು ಎಲ್ಲಿಂದ ಸಿಗುತ್ತಾರೆ ಎಂಬುದಕ್ಕೆ ಚಿತ್ರದ ಮೊದಲ ಭಾಗದಲ್ಲೇ ಉತ್ತರವಿದೆ: ಮೀಸಲು ಪಡೆಯ ಪಟ್ಟಿಯಿಂದ, ಅವರ ಇಷ್ಟವನ್ನು ಕೇಳದೆ. ಬ್ರೂಬೇಕರ್ ಕೇಳಿದ್ದು 'ನಾನೇಕೆ?' ಎಂದು. ಅಡ್ಮಿರಲ್ ಅದನ್ನು 'ಎಂಥ ವೀರ!' ಎಂಬ ಉದ್ಗಾರವಾಗಿ ಬದಲಿಸಿದರು. ಸತ್ತವನಿಗೆ ತಿದ್ದಿ ಹೇಳಲು ಬಾಯಿಲ್ಲ. ಅಷ್ಟರಲ್ಲಿ ಹಡಗಿನಿಂದ ಮತ್ತೆ ಜೆಟ್‌ಗಳು ಮೇಲೇರುತ್ತವೆ.

ಇಷ್ಟಾದರೂ ಈ ಚಿತ್ರವನ್ನು ನೋಡಬೇಡಿ ಎಂದು ಹೇಳಲಾರೆ. ಗೆಲುವಿನ ಕಹಳೆ ಊದದೆ, ಒಬ್ಬ ಸಾಮಾನ್ಯ ಮನುಷ್ಯ ಅನ್ಯಾಯವಾಗಿ ಸತ್ತನೆಂದು ಹೇಳುವ ಧೈರ್ಯ ಅದಕ್ಕಿತ್ತು. ಯುದ್ಧವನ್ನು ಹಬ್ಬದಂತೆ ತೋರಿಸುವ ಸಿನಿಮಾಗಳ ನಡುವೆ ಆ ಧೈರ್ಯ ಚಿಕ್ಕದೇನಲ್ಲ. ನೋಡುವಾಗ ಒಂದು ಕೆಲಸ ಮಾತ್ರ ಮಾಡಿ. ಪೈಲಟ್‌ಗಳು ಕತ್ತಲ ಕೊಠಡಿಯಲ್ಲಿ ಕಣಿವೆಯ ರೀಲನ್ನು ನೋಡುವಾಗ ನೀವೂ ಅವರ ಜೊತೆ ಕುಳಿತು ನೋಡಿ. ಎಲ್ಲರೂ ತೋಪುಗಳು ಎಲ್ಲಿವೆ ಎಂದು ಹುಡುಕುತ್ತಿರುತ್ತಾರೆ. ನೀವು ಮನೆಗಳು ಎಲ್ಲಿವೆ ಎಂದು ಹುಡುಕಿ.